ಮಾರ್ಚ್ ಮೊದಲ ವಾರ ಕೊಡಗಿನಲ್ಲಿ ಎರಡು ದಿನ ಸೈಕಲ್: ಎಲ್ಲಿ ತುಳಿಯಬೇಕು, ಏನು ಸಿದ್ಧತೆ?

ನೀವು ಕೇಳಿದ್ದು ಇಷ್ಟು: ಮೈಸೂರಿನ ಸಪಾಟು ರಸ್ತೆಯಲ್ಲಿ 30 ಕಿ.ಮೀ. ತುಳಿದು ಅಭ್ಯಾಸವಿದೆ, ಸೈಕಲ್ ಗೇರಿನ ಹೈಬ್ರಿಡ್, ಮಡಿಕೇರಿಯಲ್ಲಿ ರೂಮ್ ಮಾಡಿ ಎರಡು ದಿನ ಸುತ್ತಬೇಕು, ಕಾಫಿ ಹೂ ನೋಡಬೇಕು, 14 ವರ್ಷದ ಮಗಳೂ ಜೊತೆಗಿರುತ್ತಾಳೆ, ಚಳಿಗೆ ಏನು ಹಾಕಿಕೊಳ್ಳಬೇಕು. ಚಳಿಯ ಚಿಂತೆಗಿಂತ ಮೊದಲು ರೂಮಿನ ವಿಚಾರ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಮಡಿಕೇರಿಯಲ್ಲಿ ಉಳಿಯಬೇಡಿ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿ, ಬೆಟ್ಟದ ನೆತ್ತಿಯ ಮೇಲೆ. ಮೂರ್ನಾಡು, ಕುಶಾಲನಗರ, ಸಂಪಾಜೆ, ಯಾವ ಕಡೆ ಹೊರಟರೂ ಮೊದಲು ಇಳಿಜಾರು. ಬೆಳಿಗ್ಗೆ ಮೈ ಇನ್ನೂ ಬೆಚ್ಚಗಾಗದ ಹೊತ್ತಿನಲ್ಲಿ ಇಬ್ಬನಿ ಕುಡಿದ ರಸ್ತೆಯಲ್ಲಿ ಬ್ರೇಕ್ ಹಿಡಿದು ಇಳಿಯುತ್ತೀರಿ. ಕೊನೆಗೆ, ಕಾಲು ಸೋತು ಬಿಸಿಲು ನೆತ್ತಿಗೇರಿದಾಗ, ಅದಷ್ಟನ್ನೂ ಹತ್ತಬೇಕು. ನಾಪೋಕ್ಲು ಅಥವಾ ಮೂರ್ನಾಡಿನ ಸುತ್ತಮುತ್ತ ಒಂದು ಹೋಂಸ್ಟೇ ಹಿಡಿಯಿರಿ. ಅಲ್ಲಿ ಗದ್ದೆ ಬಯಲಿನ ಪಕ್ಕ ಸಾಗುವ ರಸ್ತೆಗಳಿವೆ, ಏರಿಳಿತ ಸಣ್ಣ ಸಣ್ಣದು, ಮನೆಗೆ ಮರಳುವಾಗ ಕೊನೆಯ ದೊಡ್ಡ ಏರಿನ ಶಿಕ್ಷೆ ಇಲ್ಲ.

ಇನ್ನು ಹೂವು. ಕಾಫಿ ಹೂ ಕ್ಯಾಲೆಂಡರ್ ನೋಡಿ ಅರಳುವುದಿಲ್ಲ, ಮಳೆ ನೋಡಿ ಅರಳುತ್ತದೆ. ಮೊಗ್ಗು ಕಟ್ಟಿಕೊಂಡು ಒಣಗಿ ಕಾಯುತ್ತಿರುವ ರೋಬಸ್ಟಾ ಜಾತಿಯ ಕಾಫಿ ಗಿಡಕ್ಕೆ ಹೆಚ್ಚುಕಮ್ಮಿ ಒಂದು ಇಂಚು ಮಳೆ ಒಟ್ಟಿಗೆ ಬಿದ್ದರೆ ಏಳೆಂಟು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಇನ್ನೊಂದು ಜಾತಿ ಅರೇಬಿಕಾಕ್ಕೆ ಮತ್ತೊಂದೆರಡು ದಿನ ಹೆಚ್ಚು. ಬಿಳುಪು ಇರುವುದು ಎರಡು ಮೂರು ದಿನ ಮಾತ್ರ, ಆಮೇಲೆ ಕಂದು. ಈ ಹೂಮಳೆ ಒಂದೇ ದಿನ ಇಡೀ ಜಿಲ್ಲೆಗೆ ಬೀಳುವುದೂ ಇಲ್ಲ; ಸುಂಟಿಕೊಪ್ಪಕ್ಕೆ ಚೆನ್ನಾಗಿ ಹೊಯ್ದಿರುತ್ತದೆ, ನಾಪೋಕ್ಲಿನಲ್ಲಿ ಧೂಳು ಹಾರುತ್ತಿರುತ್ತದೆ. ಮಳೆಗೆ ಕಾಯದೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಟ್ಟ ತೋಟಗಳು ಫೆಬ್ರವರಿಯಲ್ಲೇ ಅರಳಿ ಮುಗಿದಿರಬಹುದು. ಹಾಗಾಗಿ ರೂಮ್ ಕಾಯ್ದಿರಿಸುವಾಗ ಹೋಂಸ್ಟೇಯವರನ್ನು ಕೇಳಬೇಕಾದ ಪ್ರಶ್ನೆ “ಹೂ ಬಿಟ್ಟಿದೆಯಾ?” ಅಲ್ಲ, “ಹೂಮಳೆ ಯಾವತ್ತು ಬಂತು, ಎಷ್ಟು ಸೆಂಟ್?” ಎಂದು. ಇಲ್ಲಿನ ಬೆಳೆಗಾರರು ಮಳೆ ಅಳೆಯುವುದು ಇಂಚು, ಸೆಂಟ್ ಲೆಕ್ಕದಲ್ಲಿ, ನೂರು ಸೆಂಟಿಗೆ ಒಂದು ಇಂಚು. “ಮಂಗಳವಾರ ತೊಂಬತ್ತು ಸೆಂಟ್” ಅಂದರೆ ಮುಂದಿನ ಮಂಗಳವಾರ, ಬುಧವಾರದ ಸುತ್ತ ಬನ್ನಿ. “ಇಪ್ಪತ್ತು ಸೆಂಟ್” ಅಂದರೆ ಹೂವಿನ ಆಸೆ ಬಿಟ್ಟು ಸವಾರಿಗೆಂದೇ ಬನ್ನಿ.

ಇದೇ ಮಳೆ ನಿಮ್ಮ ರಸ್ತೆಯನ್ನೂ ಬದಲಿಸುತ್ತದೆ. ಡಿಸೆಂಬರ್‌ನಿಂದ ಒಣಗಿದ್ದ ಡಾಂಬರಿನ ಮೇಲೆ ವಾಹನಗಳ ಎಣ್ಣೆ, ಕಾಫಿ ಕೊಯ್ಲಿನ ಪಿಕಪ್ ಮತ್ತು ಟ್ರ್ಯಾಕ್ಟರ್ ತಂದು ಹಾಕಿದ ಕೆಂಪು ಮಣ್ಣು, ಉದುರಿದ ಸಿಲ್ವರ್ ಓಕ್ ಎಲೆ ಇವೆಲ್ಲ ಪದರವಾಗಿ ಕೂತಿರುತ್ತವೆ. ಮೊದಲ ಮಳೆಯ ಮೊದಲ ಇಪ್ಪತ್ತು ನಿಮಿಷ ಅದು ಸಾಬೂನು ಹಚ್ಚಿದ ಹಾಗೆ. ಜೋರಾಗಿ ಹೊಯ್ದು ತೊಳೆದ ಮೇಲೆ ಹಿಡಿತ ಮರಳುತ್ತದೆ, ಆದರೆ ತಿರುವುಗಳ ಒಳಮಗ್ಗುಲಲ್ಲಿ ಎಲೆ, ಮಣ್ಣು ಕೊಚ್ಚಿ ಬಂದು ನಿಂತಿರುತ್ತದೆ. ಮಳೆ ಬಾರದ ದಿನವೂ ರಸ್ತೆ ಪೂರ್ತಿ ಒಣಗಿರುವುದಿಲ್ಲ: ಮರದ ನೆರಳಿನ ಭಾಗ ಬೆಳಿಗ್ಗೆ ಎಂಟರವರೆಗೂ ಒದ್ದೆ, ತೋಟದ ಸ್ಪ್ರಿಂಕ್ಲರ್ ನೀರು ಕೆಲವು ಕಡೆ ರಸ್ತೆಗೇ ಬೀಳುತ್ತದೆ. ತಿರುವಿಗೆ ಮುಂಚೆಯೇ, ಸೈಕಲ್ ನೆಟ್ಟಗಿರುವಾಗಲೇ, ವೇಗ ಇಳಿಸಿಕೊಳ್ಳಿ. ತಿರುವಿನ ಒಳಗೆ, ಎಲೆಯ ಮೇಲೆ, ಬ್ರೇಕ್ ಮುಟ್ಟಬೇಡಿ. ಇಲ್ಲಿ ಬೀಳುವವರಲ್ಲಿ ಹೆಚ್ಚಿನವರು ವೇಗಕ್ಕೆ ಬೀಳುವುದಿಲ್ಲ, ವಾಲಿಕೊಂಡು ಮುಂದಿನ ಬ್ರೇಕ್ ಒತ್ತಿ ಬೀಳುತ್ತಾರೆ.

ಟೈರಿನ ಗಾಳಿಯನ್ನು ಮೈಸೂರಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಕಡಿಮೆ ಮಾಡಿ. 70 ಕೆ.ಜಿ. ತೂಕದವರಿಗೆ 35 ಎಂ.ಎಂ. ಟೈರಿನಲ್ಲಿ 50–55 ಪಿ.ಎಸ್.ಐ., 32ರಲ್ಲಿ 60ರ ಆಸುಪಾಸು ಸಾಕು. ಮುಂದಿನದಕ್ಕೆ ಐದು ಕಡಿಮೆ. ಮಗಳ ತೂಕ 45 ಕೆ.ಜಿ. ಒಳಗಿದ್ದರೆ ಅವಳಿಗೆ 40 ಸಾಕು. 80 ತುಂಬಿಸಿಕೊಂಡು ಬಂದರೆ ಗುಂಡಿ ಬಿದ್ದ ರಸ್ತೆಯಲ್ಲಿ ಕೈ ಮರಗಟ್ಟುತ್ತದೆ, ಒದ್ದೆಯಲ್ಲಿ ಜಾರುತ್ತದೆ. 40ಕ್ಕಿಂತ ಇಳಿಸಿದರೆ ನಿಮ್ಮ ತೂಕಕ್ಕೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ. ತಲೆಗೊಂದರಂತೆ ಎರಡು ಟ್ಯೂಬು, ಪ್ಯಾಚ್, ಮೂರು ಟೈರ್ ಲಿವರ್, ಕೈ ಪಂಪು ನಿಮ್ಮ ಬಳಿಯೇ ಇರಲಿ. ಪೇಟೆಗಳಲ್ಲಿ ಪಂಕ್ಚರ್ ಅಂಗಡಿ ಇದೆ, ಆದರೆ ನಿಮ್ಮದು ತೆಳು ಪ್ರೆಸ್ಟಾ ವಾಲ್ವ್ ಆಗಿದ್ದರೆ ಅವರ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ಜೇಬಿಗೆ ಹಾಕಿಕೊಳ್ಳಿ.

ಮೊದಲ ದಿನಕ್ಕೆ ನಾಪೋಕ್ಲು–ಕಕ್ಕಬ್ಬೆ. ಹೋಗಿ ಬಂದರೆ ಸುಮಾರು 30 ಕಿ.ಮೀ., ನಿಮ್ಮ ಅಭ್ಯಾಸಕ್ಕೆ ಸರಿಯಾದ ದೂರ. ಆದರೆ ಏರಿರುವುದರಿಂದ ಸಪಾಟಿನ 45ಕ್ಕೆ ಸಮ ಎಂದು ಲೆಕ್ಕ ಹಿಡಿಯಿರಿ. ಕಕ್ಕಬ್ಬೆಯಿಂದ ಮೂರ್ನಾಲ್ಕು ಕಿ.ಮೀ. ಮೇಲೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆಯಿದೆ, ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಆ ಕೊನೆಯ ಏರು ಕಡಿದು, ಕಾಲು ಉಳಿದಿದ್ದರೆ ಮಾತ್ರ ಹತ್ತಿ. ಕಕ್ಕಬ್ಬೆ ಜೇನಿಗೆ ಹೆಸರಾದ ಊರು. ಹೂ ಬಿಟ್ಟ ದಿನ ತೋಟದಲ್ಲಿ ಜೇನ್ನೊಣದ ಗುಂಯ್ ಶಬ್ದ ರಸ್ತೆಗೇ ಕೇಳುತ್ತದೆ. ಕನ್ನಡಕ ಹಾಕಿ, ಇಳಿಜಾರಿನಲ್ಲಿ ಬಾಯಿ ಮುಚ್ಚಿ. ಹೆಲ್ಮೆಟ್ಟಿನ ಕಿಂಡಿಯೊಳಗೆ ನೊಣ ಹೊಕ್ಕರೆ ಬಡಿಯಬೇಡಿ, ಸೈಕಲ್ ನಿಲ್ಲಿಸಿ ಹೆಲ್ಮೆಟ್ ತೆಗೆಯಿರಿ. ಕಚ್ಚಿದರೆ ಮುಳ್ಳನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆಯಿರಿ. ಹೂವನ್ನು ಮುಟ್ಟುವುದು, ಫೋಟೋಕ್ಕೆ ತೋಟದೊಳಗೆ ನುಗ್ಗುವುದು ಬೇಡವೇ ಬೇಡ: ಪ್ರತಿ ಹೂವೂ ಒಬ್ಬರ ಮುಂದಿನ ವರ್ಷದ ಫಸಲು.

ಎರಡನೇ ದಿನ ಸೈಕಲ್‌ಗಳನ್ನು ಕಾರಿನಲ್ಲಿ ಭಾಗಮಂಡಲಕ್ಕೆ ಒಯ್ದು ಅಲ್ಲಿಂದ ತಲಕಾವೇರಿ ಹತ್ತಿ. ದಾರಿ 8 ಕಿ.ಮೀ., ಮೇಲೆ 1276 ಮೀಟರ್, ಹತ್ತುವುದು ಸುಮಾರು ನಾನೂರು ಮೀಟರ್. ಅಂದರೆ ನೂರು ಮೀಟರಿಗೆ ಸರಾಸರಿ ಐದು ಮೀಟರ್. ನಿಮ್ಮ ಹೈಬ್ರಿಡ್‌ನಲ್ಲಿ ಮುಂದೆ 28, ಹಿಂದೆ 32 ಹಲ್ಲಿನ ಚಕ್ರವಿದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ 1.9 ಮೀಟರ್ ಸಾಗುತ್ತದೆ. ನಿಮಿಷಕ್ಕೆ ಅರುವತ್ತು ಸುತ್ತು ತುಳಿದರೆ ಗಂಟೆಗೆ ಏಳು ಕಿ.ಮೀ.ಗೆ ತುಸು ಕಡಿಮೆ. ನಿಲ್ಲದೆ ಹೋದರೆ ಒಂದು ಗಂಟೆ ಹತ್ತು ನಿಮಿಷ. ಇದಕ್ಕಿಂತ ಬೇಗ ಹೋಗುವ ಹಟ ಬೇಡ. ಮಾತಾಡಲು ಉಸಿರು ಸಿಗುತ್ತಿದೆಯೇ ಎಂಬುದೇ ಅಳತೆ, ಸಿಗದಿದ್ದರೆ ನಿಧಾನಿಸಿ. ಗೇರನ್ನು ಏರು ಕಾಲಿಗೆ ತಟ್ಟುವ ಮೊದಲೇ ಇಳಿಸಿ. ಪೆಡಲ್ ಮೇಲೆ ಭಾರ ಬಿದ್ದಾಗ ಬದಲಿಸಿದರೆ ಚೈನು ಕಟಕಟ ಅಂದು ಕಳಚುತ್ತದೆ. ಹೊರಡುವ ಮುಂಚೆ ಮನೆಯಲ್ಲೇ ಹಿಂದಿನ ಚಕ್ರ ಎತ್ತಿ ಅತಿ ಹಗುರ ಗೇರಿಗೆ, ಅಂದರೆ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ, ಹಾಕಿ ನೋಡಿ. ಸಪಾಟಿನಲ್ಲಿ ಆ ಗೇರು ಬಳಸದವರ ಸೈಕಲ್‌ನಲ್ಲಿ ಅದರ ಹೊಂದಾಣಿಕೆ ತಪ್ಪಿರುವುದು ಸಾಮಾನ್ಯ, ಚೈನು ದೊಡ್ಡ ಹಲ್ಲುಚಕ್ರ ದಾಟಿ ಕಡ್ಡಿಗಳ ನಡುವೆ ಬೀಳುತ್ತದೆ. ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಹಿಂದಿನ ಡಿರೇಲರ್ ಮೇಲೆ ‘ಎಲ್’ ಗುರುತಿನ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿದರೆ ಸರಿಹೋಗುತ್ತದೆ. ಕೈ ಬಾರದಿದ್ದರೆ ಮೈಸೂರಿನ ನಿಮ್ಮ ಮೆಕ್ಯಾನಿಕ್ ಬಳಿ ಮಾಡಿಸಿಯೇ ಬನ್ನಿ.

ಚಳಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬೆಳಿಗ್ಗೆ 15–16 ಡಿಗ್ರಿ, ಮಧ್ಯಾಹ್ನ 29–30. ಸ್ವೆಟರ್ ಹಾಕಿ ಹತ್ತಿದರೆ ಎರಡನೇ ಕಿ.ಮೀ.ಗೇ ತೊಪ್ಪೆ. ಹತ್ತುವಾಗ ಒಂದು ತೆಳು ಟೀ ಶರ್ಟ್ ಸಾಕು. ಚಳಿ ಹಿಡಿಯುವುದು ಇಳಿಯುವಾಗ: ಬೆವರಿನ ಬಟ್ಟೆಗೆ ಬೆಟ್ಟದ ಗಾಳಿ ತಾಗಿ ಬೆರಳು ಸೆಟೆದು ಬ್ರೇಕ್ ಹಿಡಿತವೇ ಸಡಿಲವಾಗುತ್ತದೆ. ಚೀಲದಲ್ಲಿ ಒಂದು ಒಣ ಬನಿಯನ್, ಗಾಳಿ ತಡೆಯುವ ತೆಳು ಜರ್ಕಿನ್, ಬೆರಳು ಮುಚ್ಚುವ ಗ್ಲೌಸ್. ದೇವಸ್ಥಾನಕ್ಕೆ ಹೋಗುವುದಿದ್ದರೆ ಸೈಕ್ಲಿಂಗ್ ಚಡ್ಡಿಯ ಮೇಲೆ ಹಾಕಲು ಪ್ಯಾಂಟೋ ಪಂಚೆಯೋ ಇರಲಿ, ಅದು ಕಾವೇರಿಯ ಉಗಮಸ್ಥಾನ.

ಇಳಿಯುವಾಗ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬೇಡಿ. ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬು ಸಿಡಿಯಬಹುದು, ಡಿಸ್ಕ್ ಆದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ನೇರ ದಾರಿಯಲ್ಲಿ ಬಿಟ್ಟು, ತಿರುವಿನ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ, ಮತ್ತೆ ಬಿಡಿ. ಬ್ರೇಕ್ ಶೂ ಮೇಲಿನ ಗೀರು ಸವೆದಿದ್ದರೆ ಹೊಸದು ಹಾಕಿಸಿ. ಡಿಸ್ಕಿಗೆ ಹೊಸ ಪ್ಯಾಡ್ ಹಾಕಿಸಿದರೆ ಮೈಸೂರಿನಲ್ಲೇ ಸಾಧಾರಣ ವೇಗದಿಂದ ಹದಿನೈದು ಇಪ್ಪತ್ತು ಸಲ ನಿಧಾನಿಸಿ ಪಳಗಿಸಿಕೊಳ್ಳಿ.

ಹೊತ್ತಿನ ಲೆಕ್ಕ. ಮಾರ್ಚ್ ಮೊದಲ ವಾರ ಸೂರ್ಯ ಹುಟ್ಟುವುದು 6.40ರ ಸುಮಾರಿಗೆ. 6.45ಕ್ಕೆ ಪೆಡಲ್ ಮೇಲೆ ಕಾಲಿಡಿ, 11ರೊಳಗೆ ಮುಗಿಸಿ. ಹೂಮಳೆ ಬರುವುದು ಬಹುತೇಕ ಮಧ್ಯಾಹ್ನ ಎರಡರ ನಂತರ, ಗುಡುಗು ಮಿಂಚಿನ ಜೊತೆಗೆ. ಸಿಕ್ಕಿಕೊಂಡರೆ ಮರದಡಿ ನಿಲ್ಲಬೇಡಿ. ಮಿಂಚು ಒಂದಾದರೆ, ಮೊದಲ ಗಾಳಿಗೇ ಮುರಿದು ಬೀಳುವ ಕೊಂಬೆ ಇನ್ನೊಂದು. ಗೋಡೆ, ಮಾಡು ಇರುವ ಕಟ್ಟಡ ಹುಡುಕಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಬೆಳಕಾಗುವ ಮುನ್ನ ಮಾತ್ರ ಎಲ್ಲೂ ಹೊರಡಬೇಡಿ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ತಿತಿಮತಿ ಕಡೆ ಆನೆಗಳು ರಾತ್ರಿ ತೋಟದಲ್ಲಿದ್ದು ಮುಂಜಾನೆ ರಸ್ತೆ ದಾಟುತ್ತವೆ. ಸೈಕಲ್ ಸದ್ದಿಲ್ಲದ ವಾಹನ, ಆನೆಗೆ ನೀವು ಬಂದದ್ದು ತಿಳಿಯುವುದೇ ಎದುರಾದ ಮೇಲೆ. ನೆರಳು ತುಂಬಿದ ಆ ರಸ್ತೆಗಳು ಬಹಳ ಚೆಂದ, ಆದರೂ ಹೊಸಬರಿಗೆ, ಅದರಲ್ಲೂ ಮಗುವಿನ ಜೊತೆ, ನಾನು ಅವನ್ನು ಹೇಳುವುದಿಲ್ಲ. ನಾಪೋಕ್ಲು ಕಡೆಯಲ್ಲೂ ಆ ದಿನ ಆನೆ ಸುದ್ದಿ ಇದೆಯೇ ಎಂದು ಮನೆಯವರನ್ನು ಕೇಳಿಯೇ ಹೊರಡಿ. ಬಿಸಿ ಲದ್ದಿ, ಹೊಸದಾಗಿ ಮುರಿದ ಬೈನೆ ಮರ, ಬಾಳೆ ಗಿಡ ಕಂಡರೆ ಹಿಂತಿರುಗಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು 750 ಎಂ.ಎಲ್. ಬಾಟಲಿಗೆ ಪೂರ್ತಿ ಸುರಿಯಬೇಡಿ, ಗಾಢವಾದರೆ ಹೊಟ್ಟೆ ತೊಳಸುತ್ತದೆ. ಮುಕ್ಕಾಲು ಪಾಲು ಹಾಕಿ. ಹೊರಡುವ ಮುಂಚೆ ಎರಡು ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಒಂದು ಬಾಳೆಹಣ್ಣು. ಪಂದಿಕರಿ (ಹಂದಿಮಾಂಸದ ಸಾರು), ಕಡಂಬುಟ್ಟು (ಅಕ್ಕಿ ಕಡುಬು) ವಾಪಸ್ ಬಂದ ಮೇಲೆ.

ಕಪ್ಪು ಕನ್ನಡಕ ಬೇಡ, ಬಿಸಿಲಿನಿಂದ ನೆರಳಿಗೆ ನುಗ್ಗಿದಾಗ ಗುಂಡಿ ಕಾಣುವುದಿಲ್ಲ. ಎದುರು ಬರುವ ಜೀಪಿನವರಿಗೂ ಅದೇ ತೊಂದರೆ, ಆದ್ದರಿಂದ ಹಗಲಲ್ಲೂ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಮಿನುಗುತ್ತಿರಲಿ, ಶರ್ಟು ಹಸಿರಲ್ಲದೆ ಕಿತ್ತಳೆಯೋ ಹಳದಿಯೋ ಆಗಿರಲಿ. ದಣಿವಾರಿಸಿಕೊಳ್ಳಲು ಸೈಕಲ್ಲನ್ನು ಹುಲ್ಲಿನಲ್ಲಿ ಮಲಗಿಸಿದರೆ ಮುಟ್ಟಿದರೆ ಮುನಿಯ ಮುಳ್ಳು ಟೈರಿಗೆ. ನೀವೂ ಹುಲ್ಲಿನಲ್ಲಿ ಕೂರಬೇಡಿ: ಜಿಗಣೆಗೆ ಇದು ಕಾಲವಲ್ಲ, ಉಣ್ಣಿಗೆ ಇದೇ ಕಾಲ. ಸಂಜೆ ಸ್ನಾನದಲ್ಲಿ ಮೊಣಕಾಲ ಹಿಂಭಾಗ, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ.

ಮಗಳಿಗೆ ಕಕ್ಕಬ್ಬೆ ದಾರಿ ಪೂರ್ತಿ ಸರಿ. ತಲಕಾವೇರಿಗೆ ಅವಳು ಮುಂದೆ, ನೀವು ಹಿಂದೆ ಹತ್ತಿ. ಇಳಿಯುವಾಗ ನೀವು ಮುಂದೆ, ನಿಮ್ಮ ವೇಗ ಗಂಟೆಗೆ 25 ಕಿ.ಮೀ. ದಾಟದಂತೆ. ಬರುವ ಮುಂಚೆ ಅವಳ ಬ್ರೇಕ್ ಲಿವರ್ ಬೆರಳಿಗೆ ಎಟಕುತ್ತದೆಯೇ ಎಂದು ನೋಡಿ. ಲಿವರ್ ಬುಡದಲ್ಲಿ ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ಒಳಕ್ಕೆ ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ದೊಡ್ಡವರ ಕೈಗೆ ಕೂಡಿಸಿದ ಲಿವರನ್ನು ಎಳೆಯ ಬೆರಳು 8 ಕಿ.ಮೀ. ಇಳಿಜಾರಿನುದ್ದಕ್ಕೂ ಒತ್ತಲಾರದು.