ಎಷ್ಟು ನೀರು, ಯಾವಾಗ, ಏಕೆ?

ಪ್ರಶ್ನೆ: ಮಳೆ ಸಾಕಷ್ಟು ಬೀಳುವ ಕಡೆಯೂ ನೀರಾವರಿ ಬೇಕೆನ್ನುತ್ತಾರೆ. ಬೆಳೆ ಒಣಗದಂತೆ ಕಾಯುವುದನ್ನು ಬಿಟ್ಟು ಅದರಿಂದ ಬೇರೇನು ಲಾಭ?

ಉತ್ತರ: ಒಟ್ಟು ಮಳೆ ಎಷ್ಟಾಯಿತು ಎಂಬುದಷ್ಟೇ ಸಾಲದು, ಎರಡು ಮಳೆಗಳ ನಡುವಿನ ಬಿಡುವು ಯಾವ ಹಂತದಲ್ಲಿ ಬಂತು ಎಂಬುದನ್ನೂ ನೋಡಬೇಕು. ಮೆಕ್ಕೆಜೋಳ ಸೂಲಂಗಿ (ತುದಿಯ ಗಂಡು ಹೂಗೊಂಚಲು) ಬಿಡುವಾಗ ತೇವ ಕಡಿಮೆಯಾದರೆ ತೆನೆಯ ರೇಷ್ಮೆ ಎಳೆಗಳು ತಡವಾಗಿ ಹೊರಬರುತ್ತವೆ. ಅಷ್ಟರಲ್ಲಿ ಪರಾಗ ಉದುರಿರುತ್ತದೆ, ಕಾಳು ಕಟ್ಟುವುದಿಲ್ಲ. ಆಮೇಲೆ ಎಷ್ಟೇ ಮಳೆ ಸುರಿದರೂ ಆ ನಷ್ಟ ತುಂಬದು. ಶೇಂಗಾದಲ್ಲಿ ಹೂ ಬಾಡಿದ ಮೇಲೆ ಮಣ್ಣಿಗಿಳಿದು ತುದಿಯಲ್ಲಿ ಕಾಯಿ ಕಟ್ಟುವ ಎಳೆ, ಅಂದರೆ ಸೂಜಿ, ಒಣಗಿ ಗಟ್ಟಿಯಾದ ಮಣ್ಣನ್ನು ತೂರಲಾರದು. ತೂರಿದರೂ, ಕಾಯಿ ಸುತ್ತಲಿನ ಮಣ್ಣಿನಿಂದಲೇ ಸುಣ್ಣದಂಶ ಹೀರಬೇಕಾದ್ದರಿಂದ ಅಲ್ಲಿ ತೇವವಿಲ್ಲದಿದ್ದರೆ ಜೊಳ್ಳಾಗುತ್ತದೆ. ಇಂಥ ಹೊತ್ತಿನಲ್ಲಿ ಕೊಡುವ ಒಂದು ನೀರು ಬೆಳೆಯನ್ನೇ ಉಳಿಸೀತು.

ಉಳಿದ ಉಪಯೋಗಗಳೂ ಇವೆ: ಬೀಜ ಒಂದೇ ಸಮನೆ ಮೊಳೆಯುತ್ತದೆ, ಗೊಬ್ಬರ ಕರಗಿ ಬೇರಿಗೆ ಸಿಗುತ್ತದೆ, ಗಟ್ಟಿ ನೆಲ ಉಳುಮೆಯ ಹದಕ್ಕೆ ಬರುತ್ತದೆ. ಕೊರೆಯುವ ಚಳಿ ಬೀಳುವ ಕಡೆ, ತೇವದ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ಬಿಡುವುದರಿಂದ ಗಿಡ ಸುಟ್ಟಂತಾಗುವುದು ಕಡಿಮೆ.

ಪ್ರಶ್ನೆ: ಒಂದು ಎಕರೆಗೆ ಪಂಪು ಎಷ್ಟು ಗಂಟೆ ಓಡಿಸಬೇಕು?

ಉತ್ತರ: ಲೆಕ್ಕ ಸುಲಭ. ಒಂದು ಎಕರೆಯಲ್ಲಿ 1 ಮಿ.ಮೀ. ನೀರೆಂದರೆ ಸುಮಾರು 4,050 ಲೀಟರ್. 40 ಮಿ.ಮೀ. ಕೊಡಬೇಕಾದರೆ 1,62,000 ಲೀಟರ್. ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಹಿಡಿಯಿರಿ. 40 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್, ಗಂಟೆಗೆ 18,000 ಲೀಟರ್. ಅಂದರೆ 9 ಗಂಟೆ. ಆದರೆ ಸಾಲಿನಲ್ಲಿ ಹರಿಸಿದಾಗ ಬೇರಿಗೆ ದಕ್ಕುವುದು ನೂರಕ್ಕೆ ಸುಮಾರು 60 ಪಾಲು, ಆಗ 15 ಗಂಟೆ ಬೇಕು. ಹನಿ ನೀರಾವರಿಯಲ್ಲಿ 90 ಪಾಲು ದಕ್ಕುತ್ತದೆ, 10 ಗಂಟೆಯ ನೀರು ಸಾಕು. ಅದನ್ನೂ ಒಮ್ಮೆಲೇ ಬಿಡದೆ ದಿನದಿನಕ್ಕೆ ಹಂಚಿ ಕೊಡಿ.

ಮರಳು ಮಣ್ಣು ಒಮ್ಮೆಗೆ 40 ಮಿ.ಮೀ. ಹಿಡಿಯುವುದು ಕಷ್ಟ, ಹೆಚ್ಚಿನದು ಬೇರಿನ ಕೆಳಗಿಳಿದು ಗೊಬ್ಬರವನ್ನೂ ಒಯ್ಯುತ್ತದೆ. ಅಲ್ಲಿ ಕಡಿಮೆ ನೀರನ್ನು ಬೇಗ ಬೇಗ ಕೊಡುವುದೇ ಸರಿ. ನೀರು ಕೊಟ್ಟ ಮರುದಿನ ಕಬ್ಬಿಣದ ಸರಳನ್ನು ಸಾಲಿನ ತಲೆ, ನಡು, ಕೊನೆ ಮೂರೂ ಕಡೆ ಚುಚ್ಚಿ ನೋಡಿ. ಒದ್ದೆ ಮಣ್ಣಿನಲ್ಲಿ ಸಲೀಸಾಗಿ ಇಳಿಯುವ ಸರಳು ಒಣ ಪದರ ಸಿಕ್ಕೊಡನೆ ನಿಲ್ಲುತ್ತದೆ. ತಲೆಯಲ್ಲಿ ಎರಡಡಿ, ಕೊನೆಯಲ್ಲಿ ಅರ್ಧ ಅಡಿ ಇಳಿದರೆ ಸಾಲು ಅತಿ ಉದ್ದವಾಗಿದೆ ಎಂದರ್ಥ. ಹೊಲವನ್ನು ಅಡ್ಡಕ್ಕೆ ಒಡೆದು ಸಾಲು ಗಿಡ್ಡ ಮಾಡಿ.

ಪ್ರಶ್ನೆ: ತಪ್ಪದೆ ನೀರು ಕೊಟ್ಟರೂ ಎಲೆ ಹಳದಿಯಾಗುತ್ತಿದೆ. ಮಣ್ಣಿನ ಮೇಲೆ ಬಿಳಿ ಪುಡಿಯೂ ಕಾಣುತ್ತಿದೆ.

ಉತ್ತರ: ನೀರು ಹೆಚ್ಚಾಗಿರುವ ಸಂಭವವೇ ಜಾಸ್ತಿ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿಯಿಲ್ಲ, ಸಾರಜನಕವೂ ಅನಿಲವಾಗಿ ಹಾರಿಹೋಗುತ್ತದೆ. ಬಿಳಿ ಪುಡಿ ಲವಣ: ತಳದ ನೀರು ಮೇಲೇರಿ ಆವಿಯಾದಾಗ ಉಳಿದದ್ದು. ಲವಣ ತೊಳೆಯಲು ನೀರೇ ಬೇಕು, ನಿಜ, ಆದರೆ ಮೊದಲು ಬಸಿಗಾಲುವೆ ತೆಗೆಯಿರಿ. ಬಸಿದುಹೋಗಲು ದಾರಿಯಿಲ್ಲದೆ ಸುರಿದ ನೀರು ಆವಿಯಾಗಿ ಇನ್ನಷ್ಟು ಲವಣವನ್ನು ಮೇಲೆ ಬಿಟ್ಟುಹೋಗುತ್ತದೆ.