ಫೈರ್ ವಾಚರ್ ಕೆಲಸಕ್ಕೆ ಹೋದರೆ ಹುಡುಗ ಗಟ್ಟಿಯಾಗ್ತಾನಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ. ಮಗ ಸೆಕೆಂಡ್ ಪಿಯುಸಿ, ಪಿಸಿಎಂಬಿ ಓದುತ್ತಿದ್ದಾನೆ. ಬರುವ ಡಿಸೆಂಬರ್‌ಗೆ 18 ತುಂಬುತ್ತದೆ. ಜನವರಿಯಿಂದ ಬಂಡೀಪುರ ಕಾಡಿಗೆ ಫೈರ್ ವಾಚರ್ (ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವವ) ಆಗಿ ಹೋಗುತ್ತೇನೆ, ಪರೀಕ್ಷೆ ಮುಂದಿನ ವರ್ಷ ನೋಡೋಣ ಅಂತ ಹಟ ಹಿಡಿದಿದ್ದಾನೆ. ಬೆಳಗ್ಗೆ ಎಬ್ಬಿಸದೆ ಏಳುವ ಹುಡುಗನಲ್ಲ ಇವನು. ನಮ್ಮಣ್ಣ ನೋಡಿದರೆ "ಹೋಗಲಿ ಬಿಡು, ಕಾಡಿಗೆ ಹೋದರೆ ಗಂಡಸಾಗ್ತಾನೆ" ಅನ್ನುತ್ತಾರೆ. ನೀವೂ ಚಿಕ್ಕ ವಯಸ್ಸಲ್ಲೇ ಕಾಡಿನ ಕೆಲಸಕ್ಕೆ ಸೇರಿದವರಂತೆ. ಕಳಿಸಲಾ, ಬೇಡವಾ?
– ಒಬ್ಬ ತಾಯಿ

ಉತ್ತರ: ನೋಡಿ ಅಮ್ಮ, ಮೊದಲು ನಿಮ್ಮಣ್ಣನ ಮಾತಿಗೆ ಬರುತ್ತೇನೆ. ನಮ್ಮಪ್ಪನೂ ಇದನ್ನೇ ಹೇಳಿ ನನ್ನನ್ನು ಮೂಲೆಹೊಳೆ ಕಡೆಯ ಕಾಡಿಗೆ ದಿನಗೂಲಿಗೆ ಕಳಿಸಿದ್ದು. 1981ರ ಬೇಸಿಗೆ, ನನಗೆ 17. ಆಗೆಲ್ಲ ವಯಸ್ಸು ಯಾರು ಕೇಳುತ್ತಿದ್ದರು?

ಮೊದಮೊದಲು ನಾನು ಗಂಡಸಾಗಲಿಲ್ಲ, ಅಡುಗೆಯವನಾದೆ. ನೀರು ಹೊರುವುದು, ಹುರುಳಿ ಬೇಯಿಸುವುದು, ಮುದ್ದೆ ತೊಳಸುವುದು, ಫೈರ್ ಲೈನ್ ಅಂದರೆ ಬೆಂಕಿ ದಾಟದಂತೆ ಬೋಳು ಮಾಡಿದ ಪಟ್ಟಿಯ ಮೇಲೆ ಬಿದ್ದ ತರಗೆಲೆ ಗುಡಿಸುವುದು. ನಡೆಯುವಾಗ ಬುಡಕಟ್ಟಿನವರ ಹಾಡಿಯ ಅಜ್ಜ ಒಬ್ಬರು ಮುಂದೆ, ನಾನು ಹಿಂದೆ. ನಾನು ಬಾಯಿ ಬಿಟ್ಟರೆ ಅವರು ತಿರುಗಿ ಒಂದು ಸಲ ನೋಡುತ್ತಿದ್ದರು, ಅಷ್ಟು ಸಾಕಿತ್ತು. ಬಿದಿರು ಲಟಕ್ಕೆಂದರೆ ನಿಂತುಬಿಡುವರು. ಚಿಟಿಕೆ ಮಣ್ಣು ಕೈಯಿಂದ ಉದುರಿಸಿ ಗಾಳಿ ಯಾವ ಕಡೆ ಅಂತ ನೋಡುವರು. ಆನೆ ಇದೆ ಅನ್ನಿಸಿದರೆ ಸುತ್ತು ಹಾಕಿ ಹೋಗುವುದು, ಎಷ್ಟು ದೂರವಾದರೂ ಸರಿ. ರೀಲ್ಸ್‌ನಲ್ಲಿ ಬರುವ ಕಾಡೇ ಬೇರೆ.

ಬೆಂಕಿ ಬಿದ್ದ ದಿನ ಹಸಿ ಕೊಂಬೆ ಮುರಿದುಕೊಂಡು ಎಲ್ಲರಿಗಿಂತ ಮುಂದೆ ಓಡಿದೆ. ಅಜ್ಜ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ದೊಡ್ಡವರು ಸೇರಿ ಸಂಜೆಯೊಳಗೆ ಉರಿ ಆರಿಸಿದರು. ಮನೆಗೆ ಹೋಗಬಹುದು ಅಂದುಕೊಂಡೆ. ಕೆಲಸ ಶುರುವಾಗಿದ್ದೇ ಆಮೇಲೆ.

ಲೈನ್ ಪಕ್ಕದಲ್ಲಿ ಒಣಗಿದ ಒಂದು ಮತ್ತಿ ಮರ, ಒಳಗೆಲ್ಲ ಟೊಳ್ಳು. ಹೊರಗಿಂದ ನೋಡಿದರೆ ಏನೂ ಇಲ್ಲ. ಗಾಳಿ ಬೀಸಿದರೆ ಮೇಲಿನ ಪೊಟರೆಯಿಂದ ಕಿಡಿ ಹಾರುತ್ತಿತ್ತು. ಒಂದೇ ಒಂದು ಕಿಡಿ ಲೈನ್ ದಾಟಿ ಆಚೆ ಹುಲ್ಲಿಗೆ ಬಿದ್ದರೆ ಹಗಲೆಲ್ಲ ಬಡಿದದ್ದು ದಂಡ. "ಇದನ್ನ ನೀನು ನೋಡ್ಕೊ" ಅಂದ ಅಜ್ಜ, ಮರ ಬಿದ್ದರೂ ತಗುಲದಷ್ಟು ದೂರದಲ್ಲಿ ಟವಲ್ ಹಾಸಿ ಮಲಗಿಯೇಬಿಟ್ಟರು. ರಾತ್ರಿಯಿಡೀ ಕಿಡಿ ಬಿದ್ದಲ್ಲಿಗೆ ಓಡು, ಸೊಪ್ಪಲ್ಲಿ ಬಡಿ, ಮಣ್ಣು ಎಳೆ, ಮತ್ತೆ ಬಂದು ನಿಲ್ಲು. ನಾನು ನಿದ್ದೆ ಹೋಗಿದ್ದರೂ ಕೇಳುವವರಿರಲಿಲ್ಲ. ನಿಮ್ಮಣ್ಣ ಹೇಳುವುದೇನಾದರೂ ಆ ಕಾಡಲ್ಲಿ ನನಗೆ ಸಿಕ್ಕಿದ್ದರೆ ಅವತ್ತು ಸಿಕ್ಕಿತು. ಅಂದಹಾಗೆ, ಈಗ ಹೆಣ್ಣುಮಕ್ಕಳೂ ಗಾರ್ಡ್ ಆಗಿ ಗಸ್ತು ತಿರುಗುತ್ತಾರೆ. ಈ ಗಂಡಸಾಗುವ ಮಾತನ್ನು ಅವರ ಮುಂದೆ ಆಡಬೇಡಿ ಅಂತ ಹೇಳಿ ನಿಮ್ಮಣ್ಣನಿಗೆ!

ಅಪಾಯ ಇದೆ. ಸುಮ್ನೆ ಹೆದರಿಸುತ್ತಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ಅಲ್ಲೇ ಪ್ರಾಣ ಬಿಟ್ಟರು. ಮರುವರ್ಷ ಮಾರ್ಚ್‌ನಲ್ಲಿ ನಾಗರಹೊಳೆಯ ನಿರ್ದೇಶಕರೇ, ಬೆಂಕಿ ಬಿದ್ದ ಜಾಗ ನೋಡಲು ಹೋಗಿ ಆನೆ ದಾಳಿಗೆ ಸಿಕ್ಕಿ ತೀರಿಕೊಂಡರು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಿದ್ದು ನಿಮ್ಮ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ 18 ತುಂಬುವ ಮೊದಲು ಬೇಡವೇ ಬೇಡ. ವಯಸ್ಸು ಕೇಳದ ನನ್ನ ಕಾಲ ಮುಗಿಯಿತು.

ಇನ್ನು ಪರೀಕ್ಷೆ. ಕಾಡು ಒಣಗಿ ಬೆಂಕಿಗೆ ಕಾಯುವ ಹೊತ್ತಿಗೇ ಪಿಯುಸಿ ಪರೀಕ್ಷೆಯೂ ಬರುತ್ತದೆ. ನಿಮ್ಮ ಮಗನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿದೆ, ಅಲ್ವಾ? ಫೈರ್ ವಾಚರ್ ಕೆಲಸ ಮಳೆ ಹಿಡಿಯುವವರೆಗೆ ಮಾತ್ರ. ಆಮೇಲೆ ಮನೆಗೆ. ಕಾಯಂ ವಾಚರ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕು, ಆದರೆ ಗಾರ್ಡ್ ಆಗಬೇಕಾದರೆ ಪಿಯುಸಿ ಬೇಕು. ಪಿಸಿಎಂಬಿ ಅಂದಿರಿ. ಸಿಇಟಿ ಬರೆದರೆ ಪೊನ್ನಂಪೇಟೆ ಅಥವಾ ಶಿರಸಿಯ ಅರಣ್ಯ ಕಾಲೇಜಲ್ಲಿ 4 ವರ್ಷದ ಬಿಎಸ್ಸಿ ಫಾರೆಸ್ಟ್ರಿಗೂ ಪ್ರಯತ್ನಿಸಬಹುದು. ಕಾಡೇ ಬೇಕು ಅನ್ನುವ ಹುಡುಗನಿಗೆ ಇದನ್ನು ತೋರಿಸಿ. ಮುಖ ಅರಳಿದರೆ ಆಸೆ ನಿಜ. "ನೋಡೋಣ" ಅಂದು ಮೊಬೈಲ್ ಹಿಡಿದರೆ ನಿಮಗೇ ಅರ್ಥವಾಗುತ್ತದೆ.

ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಹೋಗುತ್ತೇನೆ ಅಂದರೆ ತಡೆಯಬೇಡಿ, ಆ ವರ್ಷ ಮಳೆ ಬೇಗ ಬರದಿದ್ದರೆ ಕಾವಲು ಇನ್ನೂ ಇರುತ್ತದೆ. ಹೆಸರು ಇಲಾಖೆಯ ಪಟ್ಟಿಯಲ್ಲಿ ಬರೆದಿದ್ದಾರಾ, ಕೂಲಿ ಬ್ಯಾಂಕ್ ಖಾತೆಗೆ ಬರುತ್ತಾ, ಏನಾದರೂ ಆದರೆ ವಿಮೆ ಇದೆಯಾ, ಇಷ್ಟನ್ನು ರೇಂಜ್ ಆಫೀಸಿಗೆ ನೀವೇ ಹೋಗಿ ಕೇಳಿ. ನಾಚಿಕೆ ಬೇಡ. ಕಾಡಿನೊಳಗೆ ಫೋನ್ ಎಲ್ಲ ಕಡೆ ಸಿಗುವುದಿಲ್ಲ, ಗಾಬರಿಯಾಗಬೇಡಿ. ಗಟ್ಟಿ ಶೂ, ಹತ್ತಿಯ ತುಂಬು ತೋಳಿನ ಅಂಗಿ, ಹತ್ತಿಯ ಪ್ಯಾಂಟ್ ಕೊಡಿಸಿ. ಈಗಿನ ಹುಡುಗರು ಹಾಕುವ ಆ ನುಣುಪು ಟ್ರ್ಯಾಕ್ ಪ್ಯಾಂಟ್ ಮಾತ್ರ ಬೇಡ, ಬೆಂಕಿಯ ಹತ್ತಿರ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.