ಗಂಟಲು ಕಟ್ಟಿದಾಗ ಪಿಸುಮಾತೂ ಬೇಡ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 38. ನೆಗಡಿ ಇದ್ದರೂ ವಾರ್ಷಿಕೋತ್ಸವದ ತಾಲೀಮಿನಲ್ಲಿ ಮೈದಾನದ ತುಂಬ ಕೂಗಾಡಿದೆ. ಮರುದಿನ ಎದ್ದರೆ ಧ್ವನಿಯೇ ಇಲ್ಲ, ಬರೀ ಗಾಳಿ. ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಈಗ ಪಿಸುಮಾತಿನಲ್ಲೇ ಪಾಠ ನಡೆಸಿದ್ದೇನೆ. ಎಷ್ಟು ದಿನ ಬೇಕು?
– ಓದುಗರು, ಹಿರಿಯೂರು

ಉತ್ತರ: ಮೊದಲು ಆ ಪಿಸುಮಾತು ನಿಲ್ಲಿಸಿ. ಪಿಸುಗುಟ್ಟುವಾಗ ಬಹಳ ಜನ ಧ್ವನಿಪೆಟ್ಟಿಗೆಯನ್ನು ಇನ್ನಷ್ಟು ಬಿಗಿ ಹಿಡಿಯುತ್ತಾರೆ, ಅದು ವಿಶ್ರಾಂತಿಯಲ್ಲ. ಹೇಳಲೇಬೇಕಾದ ನಾಲ್ಕು ಮಾತನ್ನು ಮೆಲುದನಿಯಲ್ಲಿ ಹೇಳಿ, ಉಳಿದದ್ದನ್ನು ಬೋರ್ಡಿನ ಮೇಲೆ ಬರೆಯಿರಿ.

ಹೆಂಗಸರು ಮಾತಾಡುವಾಗ ಧ್ವನಿಪೆಟ್ಟಿಗೆಯೊಳಗಿನ ಎರಡು ಸ್ವರತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕೂಡಿ ಬೇರೆಯಾಗುತ್ತವೆ. ನೆಗಡಿಯ ವೈರಸ್‌ನಿಂದ ಅವು ಊದಿಕೊಂಡರೆ ಅಂಚಿಗೆ ಅಂಚು ಕೂಡುವುದಿಲ್ಲ, ಸಂದಿಯಲ್ಲಿ ಗಾಳಿ ಸೋರುತ್ತದೆ. ಅದರ ಮೇಲೆ ಕೂಗಿದ್ದೀರಿ. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ವೈದ್ಯರು ಬರೆದುಕೊಡದ ಆ ಮಾತ್ರೆ ನಿಮಗೆ ಬೇಕಿರಲಿಲ್ಲ. ಸಾಮಾನ್ಯವಾಗಿ ಒಂದರಿಂದ ಎರಡು ವಾರದಲ್ಲಿ ಧ್ವನಿ ತಾನಾಗಿ ಮರಳುತ್ತದೆ.

ಕುಡಿದ ನೀರು ಸ್ವರತಂತುವಿಗೆ ತಾಗುವುದೇ ಇಲ್ಲ. ತಾಗಿದರೆ ನೆತ್ತಿಗೇರಿ ಕೆಮ್ಮು ಬರುತ್ತದೆ! ಆದರೂ ಮೈಯಲ್ಲಿ ನೀರಿದ್ದರೆ ತಂತುವಿನ ಮೇಲಿನ ಲೋಳೆ ತೆಳುವಾಗಿರುತ್ತದೆ. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಿರಿ. ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ಗಂಟಲು ನೋವಿಗೆ ಹಿತ, ಆದರೆ ಅದೂ ತಂತುವಿನ ತನಕ ಇಳಿಯುವುದಿಲ್ಲ. ಅಲ್ಲಿಗೆ ಮುಟ್ಟುವುದು ಹಬೆ. ಪಾತ್ರೆಯನ್ನು ಒಲೆಯಿಂದ ಇಳಿಸಿ ಗಟ್ಟಿ ಮೇಜಿನ ಮೇಲಿಟ್ಟು, ಮುಖ ಒಂದು ಅಡಿ ದೂರ ಇರಲಿ. ದಿನಕ್ಕೆರಡು ಸಲ, ಐದರಿಂದ ಹತ್ತು ನಿಮಿಷ. ಮಕ್ಕಳು ಹತ್ತಿರ ಸುಳಿಯದಿರಲಿ. ನೀಲಗಿರಿ ಎಣ್ಣೆ, ಮೆಂಥಾಲ್ ಹಾಕಬೇಡಿ, ಕೆಲವರಿಗೆ ಕೆರಳಿಸುತ್ತವೆ. ‘ಉಹ್ಹೂಂ’ ಎಂದು ಗಂಟಲು ಸರಿಮಾಡಿಕೊಳ್ಳಬೇಕೆನಿಸಿದಾಗ ಒಂದು ಗುಟುಕು ನೀರು ನುಂಗಿ. ಜೇಷ್ಠಮಧುವಿನ ಚೂರು ಬಾಯಿಗೆ ಹಾಕಿಕೊಳ್ಳುವವರಿದ್ದಾರೆ. ಬಿಪಿ ಇರುವವರಿಗೆ ಅದು ಬೇಡ, ದಿನಾ ಜಗಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ನಿಮ್ಮ ಧ್ವನಿ ಮರುದಿನ ಹೋಗಿದೆ. ಕೂಗುತ್ತಿದ್ದಾಗಲೇ, ಆ ಕ್ಷಣದಲ್ಲೇ ಹೋಗಿದ್ದರೆ ನಮ್ಮ ಉತ್ತರ ಬೇರೆಯಾಗುತ್ತಿತ್ತು. ಆಗ ತಂತುವಿನೊಳಗಿನ ಸಣ್ಣ ರಕ್ತನಾಳ ಒಡೆದಿರಬಹುದು. ನೋವೇ ಇರದೆಯೂ ಇರಬಹುದು. ಆಗ ಪೂರ್ತಿ ಮೌನ, ಒಂದೆರಡು ದಿನದೊಳಗೆ ಇಎನ್‌ಟಿ ವೈದ್ಯರ ಬಳಿ ಸ್ಕೋಪ್ (ಸಣ್ಣ ಕ್ಯಾಮೆರಾ ಇಳಿಸಿ ತಂತು ನೋಡುವ ಪರೀಕ್ಷೆ); ಅದರ ಮೇಲೇ ಮಾತಾಡಿದರೆ ಕಲೆ ಉಳಿದು ಧ್ವನಿ ಕಾಯಂ ಒಡೆಯಬಹುದು. ವೈದ್ಯರು ಹೇಳಿದ ಹೊರತು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತ ಸೋರುವುದು ಹೆಚ್ಚುತ್ತದೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸಲೂ ಬಾರದು. ‘ರಾತ್ರಿ ಕಾರ್ಯಕ್ರಮ ಇದೆ, ಒಂದು ಇಂಜೆಕ್ಷನ್ ಹಾಕಿ’ ಎನ್ನುವ ಗಾಯಕರಿಗೂ ಇದೇ ಮಾತು: ಸ್ಟಿರಾಯ್ಡ್ ಊತ ಇಳಿಸುತ್ತದೆ, ಗಾಯವನ್ನು ಮರೆಮಾಚುತ್ತದೆ. ಸ್ಕೋಪ್ ನೋಡದೆ ಹಾಕಿಸಿಕೊಳ್ಳಬಾರದು.

ಪಾಠಕ್ಕೆ ಮರಳಿದ ಮೇಲೆ ಬೋರ್ಡಿನತ್ತ ತಿರುಗಿ ಬರೆಯುತ್ತಾ ಮಾತಾಡಬೇಡಿ. ಗದ್ದಲಕ್ಕೆ ಮೇಜು ತಟ್ಟಿದರೆ ಸಾಕು. ನಾಲ್ಕು ವಾರವಾದರೂ ಧ್ವನಿ ಸರಿಹೋಗದಿದ್ದರೆ ಸ್ಕೋಪ್ ಆಗಲೇಬೇಕು. ಉಸಿರೆಳೆವಾಗ ಸೀಟಿಯಂಥ ಸದ್ದು, ಎಂಜಲು ನುಂಗಲಾಗದಿರುವುದು, ಇವೆರಡಕ್ಕೆ ಒಂದು ಗಂಟೆಯೂ ಕಾಯುವಂತಿಲ್ಲ.

ಪ್ರಶ್ನೆ: ತಂದೆಯವರಿಗೆ 61, ಬೀಡಿ ಸೇದುತ್ತಾರೆ. ನೆಗಡಿ ಏನೂ ಇರಲಿಲ್ಲ, ಹತ್ತು ದಿನದ ಹಿಂದೆ ಸ್ವರ ತೆಳ್ಳಗಾಯಿತು. ನೀರು ಕುಡಿದರೆ ಕೆಮ್ಮುತ್ತಾರೆ.
– ಓದುಗರು, ಗದಗ

ಉತ್ತರ: ಈ ವಾರವೇ ತೋರಿಸಿ, ನಾಲ್ಕು ವಾರದ ಲೆಕ್ಕ ಇವರಿಗಲ್ಲ. ಒಂದು ಸ್ವರತಂತು ಚಲನೆ ಕಳೆದುಕೊಂಡಿರುವ ಲಕ್ಷಣವಿದು. ಎಡ ತಂತುವಿನ ನರ ಎದೆಗೂಡಿಗಿಳಿದು, ಹೃದಯದಿಂದ ಹೊರಟ ಮಹಾಧಮನಿಯ ಕೆಳಗೆ ಸುತ್ತಿ ಮತ್ತೆ ಕತ್ತಿಗೆ ಏರುತ್ತದೆ. ಹಾಗಾಗಿ ಗಂಟಲಿನ ದೂರಿಗೆ ಕಾರಣ ಶ್ವಾಸಕೋಶದ ಗಡ್ಡೆಯೂ ಆಗಿರಬಹುದು. ಸ್ಕೋಪಿನ ಜತೆಗೆ ಕತ್ತು ಮತ್ತು ಎದೆಯ ಸಿಟಿ ಸ್ಕ್ಯಾನ್ ಬರೆದರೆ ಹಣ ಕೀಳಲು ಎಂದುಕೊಳ್ಳಬೇಡಿ. ಥೈರಾಯ್ಡ್ ಶಸ್ತ್ರಚಿಕಿತ್ಸೆ ಆಗಿದ್ದರೆ ತಪ್ಪದೆ ಹೇಳಿ. ಅಲ್ಲಿಯವರೆಗೆ ಎದ್ದು ಕೂತು, ಸಣ್ಣ ಗುಟುಕಿನಲ್ಲಿ ಕುಡಿಯಲಿ. ನೀರಿಗಿಂತ ಗಂಜಿ ಸಲೀಸು. ತಂತುವನ್ನು ನಡುವಿಗೆ ತಳ್ಳುವ ಇಂಜೆಕ್ಷನ್ ಚಿಕಿತ್ಸೆ ಇದೆ, ಧ್ವನಿಯೂ ನುಂಗುವುದೂ ಸುಧಾರಿಸುತ್ತದೆ. ಬಾಯಿ ಸೊಟ್ಟಗಾದರೆ ಅಥವಾ ಕೈ ಸೋತರೆ ನೇರ 108.

ಪ್ರಶ್ನೆ: ಮಗಳಿಗೆ 16. ಜ್ವರ ಹೋಗಿ ತಿಂಗಳಾದರೂ ಪಿಸುಮಾತೇ. ನಕ್ಕರೆ, ಕೆಮ್ಮಿದರೆ ಮಾತ್ರ ಸದ್ದು ಚೆನ್ನಾಗಿ ಬರುತ್ತದೆ. ನಾಟಕವೇ?
– ಓದುಗರು, ತಿಪಟೂರು

ಉತ್ತರ: ನಾಟಕವಲ್ಲ, ಗದರಬೇಡಿ. ಕೆಮ್ಮಿಗೆ ಸದ್ದಿದೆ ಎಂದರೆ ತಂತುಗಳು ಕೂಡುತ್ತಿವೆ; ಮಾತಿಗೆ ಮಾತ್ರ ಕೂಡಿಸುವ ಅಭ್ಯಾಸ ತಪ್ಪಿದೆ. ಒಮ್ಮೆ ಸ್ಕೋಪ್ ಮಾಡಿಸಿ, ನಂತರ ವಾಕ್ ಚಿಕಿತ್ಸಕರಲ್ಲಿಗೆ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆ ಸಿಗುತ್ತದೆ. ಕೆಮ್ಮಿನ ಸದ್ದನ್ನೇ ‘ಹ್ಞೂಂ’ ಎಂದು ಎಳೆಸಿ, ಅದನ್ನು ‘ಮಾ’ಗೆ, ‘ಮಾ’ದಿಂದ ‘ಮಾವು’ ಎಂಬ ಪದಕ್ಕೆ ತರುತ್ತಾರೆ. ಎಷ್ಟೋ ಮಕ್ಕಳಿಗೆ ಒಂದೆರಡು ಭೇಟಿಯಲ್ಲೇ ಧ್ವನಿ ಬಂದುಬಿಡುತ್ತದೆ. ಪರೀಕ್ಷೆ, ಮನೆಯ ಜಗಳ, ಶಾಲೆಯ ಕಿರುಕುಳ, ಇಂಥದ್ದೇನಾದರೂ ಇತ್ತೇ ಎಂದು ಅಲ್ಲಿ ಅವಳೊಬ್ಬಳನ್ನೇ ಕೇಳುತ್ತಾರೆ. ಆಗ ನೀವು ಹೊರಗೆ ಕೂತಿರಿ.